ಅತ್ತಿ ಏರಿ ಕೂತ ಸ್ಟೂಲು

ಮೊನ್ನೆ ಸಂಜೆ ತಾಂಡೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಯಾವುದೋ ಅಂಗಡಿಯ ಶಟರಿಗೆ ವೆಲ್ಡಿಂಗ್ ನಡೆದಿತ್ತು. ಕಲ್ಲು ಪಾಲಿಶ್ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದೆ. ಇದ್ದಕ್ಕಿದ್ದಂತೆ ದಪ್ಪ ದಪ್ಪ ಹನಿ ಬಿದ್ದವು. ಕಾದ ಕಬ್ಬಿಣ ಚುಂಯ್ ಎಂದಿತು. ಅದರ ಹೊಗೆಯೊಂದಿಗೆ ಹಸಿ ಮಣ್ಣಿನ ವಾಸನೆ ಬೆರೆತು ಮೂಗಿಗೆ ಬಂದದ್ದೇ ತಡ, ನಾನು ಜಹೀರಾಬಾದಿನಲ್ಲಿ ನಮ್ಮಪ್ಪನ ಅಂಗಡಿಯ ಮುಂದೆ ನಿಂತಿದ್ದೆ. ಒಂದು ಬಾರ್ ಸ್ಟೂಲಿಗಾಗಿ ನಾನು ಇಡೀ ಮಳೆಗಾಲ ಕಳೆದ ವರ್ಷ ಅದು.

ಆಗ ಹೈದರಾಬಾದಿನಲ್ಲಿ ಒಳಾಂಗಣ ವಿನ್ಯಾಸದ ಡಿಪ್ಲೊಮಾ ಓದುತ್ತಿದ್ದೆ. ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಫರ್ನಿಚರ್ ಚಿತ್ರ ಬರೆದು, ಅದನ್ನು ನಿಜವಾಗಿಯೂ ಮಾಡಿಸಿ ತರಬೇಕಿತ್ತು. ಯಾರಿಗೆ ಏನು ಎಂಬುದಕ್ಕೆ ಚೀಟಿ ಎತ್ತಿಸಿದರು. ಒಬ್ಬಳಿಗೆ ಪುಸ್ತಕದ ಕಪಾಟು ಬಂತು, ಇನ್ನೊಬ್ಬಳಿಗೆ ತೊಟ್ಟಿಲು. ನನಗೆ ಬಂದದ್ದು ಬಾರ್ ಸ್ಟೂಲು. ಊರಿಗೆ ಫೋನು ಮಾಡಿ ಹೇಳಿದಾಗ ಅವ್ವ, ಕುಡುಕರು ಕೂಡುವ ಸ್ಟೂಲು ಮಾಡುವುದಕ್ಕೆ ಅಷ್ಟು ದೂರ ಹೋಗಿ ಓದಬೇಕಿತ್ತೇ ಎಂದು ಕೇಳಿದಳು. ಅಪ್ಪ ಅವಳ ಕೈಯಿಂದ ಫೋನು ಇಸಿದುಕೊಂಡು, ತನ್ನ ಅಂಗಡಿ ಇರುವಾಗ ಹೊರಗೆ ಮಾಡಿಸುವ ಮಾತೇ ಬೇಡ, ಚಿತ್ರ ತೆಗೆದುಕೊಂಡು ಊರಿಗೆ ಬಾ ಎಂದ.

ಅಪ್ಪ ಮಾಣಿಕಪ್ಪ ಕಿಟಕಿಯ ಗ್ರಿಲ್ಲು, ಗೇಟು, ನೀರಿನ ಟ್ಯಾಂಕಿಯ ಸ್ಟ್ಯಾಂಡು ಮಾಡುವವನು. ಅಂಗಡಿಯ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಬೆಳಿಗ್ಗೆ ಕೈ ಮುಗಿದು, ಕಪ್ಪು ಕನ್ನಡಕ ಏರಿಸಿದನೆಂದರೆ ಸಂಜೆಯವರೆಗೆ ಕಿಡಿ ಹಾರುತ್ತಲೇ ಇರಬೇಕು. ಹೆಂಡ, ಸಾರಾಯಿ ಅವನು ಮುಟ್ಟಿದವನಲ್ಲ. ಬಾರ್ ಸ್ಟೂಲನ್ನು ಎಲ್ಲಿಯೂ ನೋಡಿರಲಿಲ್ಲ. ನಾನು ಊರು ಮುಟ್ಟಿದ ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು, ಹೈವೇ ಮೇಲೆ ಹೊಸದಾಗಿ ಆಗಿದ್ದ ಬಾರಿಗೆ ಹೋದ. ಸೋಡಾ ತರಿಸಿಕೊಂಡು, ಸ್ಟೂಲಿನ ಮೇಲೆ ಕೂತು, ಕೆಳಗಿಳಿದು ಅದರ ಕಾಲು, ಅಗಲ, ಎತ್ತರ ಅಳೆದು ಬಂದ. ಅವ್ವ ಬಾಗಿಲಲ್ಲೇ ಅವನ ಬಾಯಿಯ ವಾಸನೆ ನೋಡಿ ಒಳಗೆ ಬಿಟ್ಟಳು.

“ಭಾಳ ಎತ್ತರ ಅದ,” ಎಂದ ಅಪ್ಪ. “ಕುಡದವ ಹೆಂಗ ಇಳೀತಾನೋ ಗೊತ್ತಿಲ್ಲ.”

ಅದು ಅಷ್ಟು ಎತ್ತರ ಯಾಕೆಂದು ನಮ್ಮ ಮೇಡಂ ಪಾಠದಲ್ಲಿ ಹೇಳಿದ್ದರು. ಕಟ್ಟೆಯ ಆಚೆ ಕೊಡುವವನು ನಿಂತಿರುತ್ತಾನೆ, ಈಚೆ ತೆಗೆದುಕೊಳ್ಳುವವನು ಕೂತಿರುತ್ತಾನೆ. ನಿಂತವನ ಕಣ್ಣೂ ಕೂತವನ ಕಣ್ಣೂ ಒಂದೇ ಮಟ್ಟಕ್ಕೆ ಬಂದರೆ ಮಾತು ಸಲೀಸಾಗುತ್ತದೆ, ಅದಕ್ಕೇ ಈ ಎತ್ತರ. ಪರೀಕ್ಷೆಯಲ್ಲಿ ಬರೆಯಲು ಬೇಕಾಗುತ್ತದೆಂದು ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಅಷ್ಟೇ.

ನನ್ನ ಚಿತ್ರ ಮಾತ್ರ ಚೆನ್ನಾಗಿತ್ತು. ನಡುವೆ ಒಂದೇ ಕಂಬ, ಕೆಳಗೆ ತಟ್ಟೆಯಂಥ ದುಂಡನೆಯ ಪಾದ, ಮೇಲೆ ತೆಳ್ಳಗಿನ ಆಸನ. ಕಾಲಿಡಲು ಒಂದು ಬಳೆ ಬೇಕೆಂದು ಪುಸ್ತಕದಲ್ಲಿತ್ತು. ಚಿತ್ರದಲ್ಲಿ ಅದು ಕಣ್ಣಿಗೆ ಅಡ್ಡ ಬರುತ್ತಿತ್ತೆಂದು ತೆಗೆದಿದ್ದೆ. ಜೂನಿನ ಮಿರಗದ ಮಳೆ ಹನಿಯುತ್ತಿದ್ದ ಒಂದು ಮಧ್ಯಾಹ್ನ ಸ್ಟೂಲು ತಯಾರಾಯಿತು. ಅಪ್ಪ ಫೋಟೋಕ್ಕೆ ಕೂತವನಂತೆ ಕೈಕಟ್ಟಿ ಅದರ ಮೇಲೆ ಕೂತ. ಆಗಲೇ ಯಾರೋ ಗೇಟಿನ ಅಳತೆ ಹೇಳಲು ಬಂದರು. ಅಪ್ಪ ಅವರ ಕಡೆ ತಿರುಗಿದ. ಸ್ಟೂಲೂ ಅಪ್ಪನೂ ಕೂಡಿಯೇ ಪಕ್ಕದ ಮರಳಿನ ಗುಡ್ಡೆಯ ಮೇಲೆ ಮಲಗಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಮರಳಿನಲ್ಲಿ ಕೂತೇ ಚಿತ್ರವನ್ನು ಇನ್ನೊಮ್ಮೆ ತಿರುಗಿಸಿ ನೋಡಿ, “ಡ್ರಾಯಿಂಗ್ ಚೊಲೋ ಅದವ್ವ. ಕೂಡಾಕ ಬರಂಗಿಲ್ಲ, ಅಷ್ಟೇ,” ಎಂದ.

ಆಮೇಲೆ ಕಾಲುಗಳ ಜಗಳ ಶುರುವಾಯಿತು. ನಾಲ್ಕು ಕಾಲು ಇರಲಿ, ಕೆಳಗೆ ಬಂದಂತೆ ಅಗಲವಾಗಲಿ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಆದರೆ ಅಪ್ಪನಿಗೆ ಗೇಟಿನ ಪೈಪು ಬೇಕು, ನನಗೆ ಸಣ್ಣ ಸರಳು ಬೇಕು. ಅವನು ಆನೆ ಕೂತರೂ ಮುರಿಯಬಾರದು ಎನ್ನುವವನು, ನಾನು ಆನೆ ಬಾರಿಗೆ ಬರುವುದಿಲ್ಲ ಎನ್ನುವವಳು. ಊಟದ ಹೊತ್ತಿನಲ್ಲೂ ಅದೇ ಮಾತು ನಡೆಯುತ್ತಿತ್ತು. ಕೊನೆಗೆ ಅವನ ಪೈಪಿಗಿಂತ ಸಣ್ಣದು, ನನ್ನ ಸರಳಿಗಿಂತ ದಪ್ಪ ಎಂಬಂಥ ಒಂದು ಪೈಪು ಗುಜರಿಯಲ್ಲಿ ಸಿಕ್ಕಿತು. ಇಬ್ಬರೂ ತಾವೇ ಗೆದ್ದೆವೆಂದುಕೊಂಡೆವು.

ಹೀಗೆ ಎರಡನೆಯ ಸ್ಟೂಲು ಅರ್ಧ ಆಗಿದ್ದಾಗ ಶಾಂತಮ್ಮ ಅತ್ತಿ ಅಂಗಡಿಗೆ ಬಂದಳು.

ಅತ್ತಿ ಅಪ್ಪನ ಅಕ್ಕ. ಪಕ್ಕದ ಮನೆಯಲ್ಲೇ ಇದ್ದಳು. ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ, ಬೇವಿನ ಗಿಡದ ಕೆಳಗೆ ಜೋಳದ ರೊಟ್ಟಿ ಮಾಡಿ ಮಾರುತ್ತ ಬಂದವಳು. ನೆಲದ ಮೇಲೆ ಒಲೆ, ಅದರ ಮುಂದೆ ಅತ್ತಿ. ಜನ ಅವಳ ತಲೆಯ ಮೇಲಿನಿಂದ ರೊಟ್ಟಿ ಕೇಳಿ, ಬಗ್ಗಿ ತೆಗೆದುಕೊಂಡು ಹೋಗುತ್ತಿದ್ದರು. ಅವಳ ರೊಟ್ಟಿ ಎಷ್ಟು ತೆಳ್ಳಗೆಂದರೆ ಅದರ ಆಚೆಯ ಬೆಳಕು ಕಾಣುತ್ತಿತ್ತು. ಆ ಬೇಸಿಗೆಯಲ್ಲಿ ಮೊಣಕಾಲು ಹಿಡಿದು, ಡಾಕ್ಟರು ಇನ್ನು ನೆಲದ ಮೇಲೆ ಕೂಡಲೇಬಾರದು ಎಂದುಬಿಟ್ಟರು. ನಿಂತು ಮಾಡಿ ನೋಡಿದಳು, ಸೊಂಟ ಕೇಳಲಿಲ್ಲ. ಒಲೆ ಮೂಲೆ ಸೇರಿತು. ದಿನವಿಡೀ ಎರಡು ಕೈ ಬಡಿದು ಬದುಕಿದ ಹೆಂಗಸು, ಮಡಿಲಲ್ಲಿ ಕೈ ಇಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದಳು. ರೊಟ್ಟಿ ಕೇಳಿಕೊಂಡು ಯಾರಾದರೂ ಮನೆಗೇ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು.

ಅವಳಿಗೆ ಹೊತ್ತು ಹೋಗಲಿ ಎಂದು ಅಪ್ಪ ಆವತ್ತು ಅಂಗಡಿಗೆ ಕರೆತಂದಿದ್ದ. ಕೂಡಲು ಬೇರೆ ಏನೂ ಇರಲಿಲ್ಲ. ಸ್ಟೂಲಿನ ಮೇಲೆ ಒಂದು ತಗಡು ಹಾಕಿ, ಅದರ ಮೇಲೆ ಗೋಣಿಚೀಲ ಮಡಿಸಿ ಇಟ್ಟು, ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವಳನ್ನು ಏರಿಸಿದೆವು. ಅತ್ತಿ ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದಿದ್ದಳು. ಆಮೇಲೆ ಮೆಲ್ಲಗೆ ಬಿಟ್ಟಳು. ರಸ್ತೆಯ ಕಡೆ ನೋಡಿದಳು. ಟೊಮೇಟೊ ತುಂಬಿದ ಗಾಡಿ, ಕೊಡೆ ಹಿಡಿದು ಹೋಗುವ ಜನ, ಎದುರಿನ ಅಂಗಡಿಯ ಗಲ್ಲಾದ ಹಿಂದೆ ಕೂತ ಸಾಹುಕಾರ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಸಾಹುಕಾರ ಇವಳ ಕಡೆ ನೋಡಿ ತಲೆಯಾಡಿಸಿದ.

“ನಮ್ಮವ್ವ ಇಂಥದರ ಮ್ಯಾಲ ಕೂಡತಿದ್ದಿಲ್ಲ, ಮಾಣಿಕ,” ಎಂದಳು ಅತ್ತಿ. “ಯಾರಾರ ಬಂದ್ರ ಇಳೀಬೇಕಾಗ್ತದ ಅಂತ ಅಂಜತಿದ್ಲು.”

ನಮ್ಮ ಅಜ್ಜಿ ಊರ ದೊಡ್ಡವರ ಅಂಗಳದಲ್ಲಿ ನೆಲದ ಮೇಲೆಯೇ ಕೂತು, ಅವರು ಬಂದರೆ ಎದ್ದು ನಿಂತು ಜೀವ ತೇಯ್ದವಳು. ಮನೆಯಲ್ಲಿ ಆ ಮಾತು ಹೆಚ್ಚು ಬರುತ್ತಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಪೈಪಿನ ಬಾಯಿ ಉಜ್ಜುತ್ತ ನಿಂತ.

“ಬರಲಿ ಬಿಡಕ್ಕ,” ಎಂದ. “ಅವರಿಗೂ ಒಂದು ಮಾಡಿಕೊಡ್ತೀವಿ.”

ಅತ್ತಿ ಬೇಸಿಗೆಯಿಂದ ನಕ್ಕಿರಲಿಲ್ಲ. ಆವತ್ತು ನಕ್ಕಳು.

ಆದರೆ ನನ್ನ ಕಣ್ಣು ಅವಳ ಕಾಲಿನ ಮೇಲಿತ್ತು. ಪಾದಗಳೆರಡೂ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ತೊಡೆ ಬಿಗಿದುಕೊಂಡಿತ್ತು. ನಾನು ಕೆಳಗೆ ಕೂತು ಅವಳ ಪಾದಗಳ ಕೆಳಗೆ ನನ್ನ ಅಂಗೈ ಹಿಡಿದೆ. ಏನು ಮಾಡುತ್ತೀಯೆಂದು ಅತ್ತಿ ಕಾಲು ಎಳೆದುಕೊಂಡಳು. ಇದು ಪರೀಕ್ಷೆಗೆ, ಸುಮ್ಮನಿರು ಎಂದೆ. ಪರೀಕ್ಷೆ ಎಂದರೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಅಂಗೈಯನ್ನು ಮೇಲಕ್ಕೆ, ಕೆಳಕ್ಕೆ ತಂದು ನೋಡುತ್ತ ಹೋದೆ. ಒಂದು ಎತ್ತರದಲ್ಲಿ ಅವಳ ಭಾರ ನನ್ನ ಕೈಯೊಳಗೆ ಬಂದು ಕೂತಿತು. ಅತ್ತಿ ಉಸಿರು ಬಿಟ್ಟಳು. ಅಪ್ಪ ಅಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆದ. ಬಳೆ ಅಲ್ಲಿಯೇ ಬಂತು. ಏರುವುದಕ್ಕೆ ಸುಲಭವಾಗಲೆಂದು ಒಂದು ಬದಿಗೆ, ಬಳೆಗಿಂತ ಕೆಳಗೆ, ಅಡ್ಡ ಪೈಪು ಒಂದನ್ನು ನಾನೇ ಸೇರಿಸಿದೆ. ನನ್ನ ಚಿತ್ರದಲ್ಲಿ ಮೊದಲ ಸಲ ಒಂದು ಗೆರೆ ಒಬ್ಬ ವ್ಯಕ್ತಿಗಾಗಿ ಬಿದ್ದಿತ್ತು. ಅಲ್ಲಿಂದ ಮುಂದೆ ನಾನು ಬಾರನ್ನು ಮರೆತೆ. ಅತ್ತಿ ರೊಟ್ಟಿ ಬಡಿಯುವುದಾದರೆ ಹೇಗೆ ಕೂಡುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ತಗಡಿನ ಮೇಲೆ ದಿನವಿಡೀ ಕೂಡಲಾಗದು, ಮರದ ಆಸನ ಬೇಕು. ಅಪ್ಪನ ಗುರುತಿನ ಬಡಿಗ ಮೌಲಾಸಾಬರು ನಾರಾಯಣಖೇಡದಲ್ಲಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೋದೆ. ಮಳೆ ತೊಳೆದ ಕೆಂಪು ನೆಲ, ನಡುನಡುವೆ ಕಪ್ಪು ಎರೆ ಮಣ್ಣು. ಹೆಸರು, ಉದ್ದು ಗೇಣುದ್ದ ಬೆಳೆದಿದ್ದವು, ತೊಗರಿಯ ಸಾಲು ಈಗಷ್ಟೇ ತಲೆ ಎತ್ತಿತ್ತು. ಕಳೆ ತೆಗೆಯುವ ಹೆಂಗಸರು ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಹಾಕಿಕೊಂಡು ಬಗ್ಗಿದ್ದರು. ಎಷ್ಟೋ ಸಲ ನೋಡಿದ್ದ ನೋಟವೇ. ಆದರೆ ಆವತ್ತು ಯಾರು ಹೇಗೆ ಬಗ್ಗಿದ್ದಾರೆ, ಯಾರು ಎಲ್ಲಿ ಕೈ ಊರಿದ್ದಾರೆ ಎಂಬುದನ್ನೇ ನೋಡುತ್ತಿದ್ದೆ. ಬಸ್ಸಿನ ಸೀಟೂ ಒಳ್ಳೆಯದಲ್ಲ ಅನ್ನಿಸತೊಡಗಿತ್ತು.

ಮೌಲಾಸಾಬರು ನನ್ನ ಚಿತ್ರ ನೋಡಿ, ಯಾರು ಕೂಡುವವರು ಎಂದು ಕೇಳಿದರು. ನಮ್ಮ ಅತ್ತಿ ಎಂದೆ. ಜಹೀರಾಬಾದಿನಲ್ಲಿ ಬೇವಿನ ಗಿಡದ ಕೆಳಗೆ ರೊಟ್ಟಿ ಮಾಡುತ್ತಿದ್ದರು ಎಂದು ಸೇರಿಸಿದೆ. ಅವರು ಉಳಿ ಕೆಳಗಿಟ್ಟರು.

“ಆ ಅಮ್ಮನ್ದಾ? ಎಲ್ಲಿ ಹೋಗ್ಯಾರ ಬೇಟಿ ಅವರು? ನಾ ಬಂದಾಗೆಲ್ಲ ಗಿಡದ ಬುಡ ನೋಡಿ ಹೊಳ್ಳಿ ಬರ್ಲತ್ತೀನಿ.”

ಮೊಣಕಾಲಿನ ಕತೆ ಹೇಳಿದೆ. ಅವರು ಎದ್ದು ಒಳಗಿನಿಂದ ಬೇವಿನ ಹಲಗೆಯೊಂದನ್ನು ತಂದರು. ಹೊರಗೆ ಮಳೆ ಜೋರಾಯಿತು. ತಗಡಿನ ಮಾಡಿನ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ, ಕೈಸನ್ನೆಯಲ್ಲೇ ಕೆಲಸ ನಡೆಯಿತು. ನಾನು ನಡುವೆ ತಗ್ಗು ಬೇಕೆಂದು ಅಂಗೈ ಬಾಗಿಸಿ ತೋರಿಸಿದೆ. ಅವರು ಮುಂದಿನ ಅಂಚು ಇಳಿಜಾರಾಗಿರಲಿ, ತೊಡೆಗೆ ಒತ್ತಬಾರದು ಎಂದು ತಮ್ಮ ತೊಡೆಯ ಮೇಲೆ ಗೆರೆ ಎಳೆದು ತೋರಿಸಿದರು. ಹಾಗೇ ಆಗಲಿ ಎಂದು ತಲೆಯಾಡಿಸಿದೆ. ಅವರ ಮನೆಯವರು ಎರಡು ಸಲ ಚಹಾ ಕೊಟ್ಟರು. ಸಂಜೆ ಮಳೆ ನಿಂತಾಗ ಆಸನ ತಯಾರಾಗಿತ್ತು. ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆ. ಪಕ್ಕದಲ್ಲಿ ಕೂತ ಮುದುಕಿ ಇದು ಏನೆಂದು ತೆಲುಗಿನಲ್ಲಿ ಕೇಳಿದಳು. ರೊಟ್ಟಿ ಮಾಡುವವರು ಕೂಡುವ ಪೀಠ ಎಂದು ಹೇಳಿದೆ. ಬಾರ್ ಎಂಬ ಮಾತು ನನ್ನ ಬಾಯಿಗೆ ಬರಲೇ ಇಲ್ಲ.

ಅಪ್ಪ ಒಲೆಗೂ ರೊಟ್ಟಿ ಬಡಿಯುವುದಕ್ಕೂ ಸೇರಿ ಒಂದು ಎತ್ತರದ ಕಬ್ಬಿಣದ ಸ್ಟ್ಯಾಂಡು ಮಾಡಿ, ಮೇಲೆ ತಾಂಡೂರಿನ ನೀಲಿ ಕಲ್ಲು ಹಾಸಿದ. ಅತ್ತಿ ಅದರ ಮುಂದೆ ಕೂತು ಹಿಟ್ಟು ನಾದಿ ಮೊದಲ ರೊಟ್ಟಿ ಬಡಿದಳು. ಭುಜ ಕಿವಿಯವರೆಗೆ ಏರುತ್ತಿತ್ತು, ಕಲ್ಲು ಬಹಳ ಎತ್ತರವಾಗಿತ್ತು. ಸ್ಟ್ಯಾಂಡಿನ ಕಾಲು ಕತ್ತರಿಸಿದೆವು. ಈಗ ತಗ್ಗಾಯಿತು ಎಂದಳು. ಇನ್ನೊಮ್ಮೆ ಕಾಲು ಸೇರಿಸಿದೆವು. ಸುತ್ತ ಹಿಟ್ಟು ಹಾರಿ ವೆಲ್ಡಿಂಗ್ ಮಷೀನೂ ಬೆಳ್ಳಗಾಗಿತ್ತು. ಕೊನೆಗೊಮ್ಮೆ ಅತ್ತಿಯ ಕೈ ಬಡಿಯುತ್ತಲೇ ಹೋಯಿತು, ರೊಟ್ಟಿ ಅಂಗೈಯಡಿಯಲ್ಲಿ ತಿರುಗುತ್ತ ಹಿರಿದಾಗುತ್ತಲೇ ಹೋಯಿತು. ಅವಳು ತಲೆ ಎತ್ತಲೇ ಇಲ್ಲ. ಅಪ್ಪ ನನ್ನ ಕಡೆ ನೋಡಿ ಕನ್ನಡಕ ತೆಗೆದ. ಅವ್ವ ಮನೆಯಿಂದ ಪುಂಡಿಪಲ್ಯ ತಂದಳು. ಆವತ್ತು ಅಂಗಡಿಗೆ ಬಂದ ಗಿರಾಕಿಗಳೆಲ್ಲರಿಗೂ ಊಟ.

ಬೇವಿನ ಗಿಡದ ಕೆಳಗೆ ಮತ್ತೆ ಒಲೆ ಹೊತ್ತಿದ ಬೆಳಿಗ್ಗೆ ನಾನು ಅತ್ತಿಯ ಹಿಂದೆ ನಿಂತಿದ್ದೆ. ತಲೆಯ ಮೇಲೆ ಅಪ್ಪ ತಾಡಪತ್ರಿ ಕಟ್ಟಿದ್ದ. ಮೊದಲು ಬಂದವನು ಹಳೆಯ ಗಿರಾಕಿ, ಹತ್ತಿರದ ಗೊಬ್ಬರದ ಅಂಗಡಿಯವನು. ರೂಢಿಯಂತೆ ನೆಲದ ಕಡೆ ನೋಡುತ್ತ ಬಂದವನು, ಅಲ್ಲಿ ಯಾರೂ ಇಲ್ಲದ್ದು ನೋಡಿ ತಲೆ ಎತ್ತಿದ. ಅತ್ತಿಯ ಮುಖ ಅವನ ಮುಖದ ನೇರಕ್ಕೇ ಇತ್ತು. “ಏ ಮುದುಕಿ, ಎರಡು ರೊಟ್ಟಿ ಹಾಕು” ಎಂದು ವರ್ಷಗಟ್ಟಲೆ ಅಂದ ಬಾಯಿ ಅದು.

“ಎರಡು ರೊಟ್ಟಿ ಕೊಡ್ರಿ,” ಎಂದ. ಹಾಗೆ ಅಂದದ್ದು ಅವನಿಗೇ ಗೊತ್ತಾದಂತೆ ಕಾಣಲಿಲ್ಲ.

ಎಲ್ಲರೂ ಹಾಗೆ ಬದಲಾದರೆಂದಲ್ಲ. ಕೆಲವರು ಹಳೆಯ ರೀತಿಯಲ್ಲೇ ಕೂಗಿದರು. ಆದರೆ ಅತ್ತಿ ಅವರ ಕಣ್ಣನ್ನೇ ನೋಡುತ್ತ ರೊಟ್ಟಿ ಕೊಡುತ್ತಿದ್ದಳು, ಅವರು ಆಚೀಚೆ ನೋಡುತ್ತಿದ್ದರು. ಮೇಡಂ ಹೇಳಿದ ಪಾಠ ನನಗೆ ಆವತ್ತು ತಿಳಿಯಿತು.

ತೊಂದರೆ ಬಂದದ್ದು ಶ್ರಾವಣದಲ್ಲಿ. ಸ್ಟೂಲನ್ನು ಹೈದರಾಬಾದಿಗೆ ಒಯ್ದು ಪರೀಕ್ಷಕರಿಗೆ ತೋರಿಸಬೇಕಿತ್ತು. ಚೆನ್ನಾಗಿ ಬಂದದ್ದನ್ನು ಕಾಲೇಜಿನವರು ಪ್ರದರ್ಶನಕ್ಕೆಂದು ಇಟ್ಟುಕೊಳ್ಳುವುದೂ ಉಂಟು ಎಂದು ನಾನು ಬಾಯಿಬಿಟ್ಟೆ. ಅತ್ತಿ ಸ್ಟೂಲಿನಿಂದ ಇಳಿಯಲೇ ಒಪ್ಪಲಿಲ್ಲ. ಇನ್ನೊಂದು ಮಾಡಲು ದಿನ ಉಳಿದಿರಲಿಲ್ಲ. ಒಯ್ಯದಿದ್ದರೆ ನನ್ನ ವರ್ಷ ಹೋಗುತ್ತದೆ. ನಾನು ಅಳುವುದೊಂದು ಬಾಕಿ. ಅತ್ತಿ ರಾತ್ರಿಯೆಲ್ಲ ಯೋಚಿಸಿದಳೋ ಏನೋ, ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಸ್ಟೂಲ್ ಬರ್ತದ, ನಾನೂ ಬರ್ತೀನಿ. ಅವರು ಇಟ್ಕೊಂಡ್ರ ತರೋರು ಯಾರು?”

ಹೀಗೆ ಸ್ಟೂಲು ಬಸ್ಸಿನ ಮೇಲೆ, ಅಪ್ಪ, ಅತ್ತಿ, ನಾನು ಒಳಗೆ. ದಾರಿಯಲ್ಲಿ ಬಸ್ಸು ನಿಂತಾಗಲೆಲ್ಲ ಅಪ್ಪ ಇಳಿದು ಮೇಲೆ ನೋಡಿ ಬರಬೇಕಾಗುತ್ತಿತ್ತು. ಕಾಲೇಜಿನ ದೊಡ್ಡ ಕೋಣೆಯಲ್ಲಿ ಎಲ್ಲರ ಸಾಮಾನುಗಳೂ ಬಿಳಿ ಬಟ್ಟೆಯ ಮೇಲೆ ಒಂಟಿಯಾಗಿ ನಿಂತಿದ್ದವು. ನನ್ನ ಸ್ಟೂಲಿನ ಮೇಲೆ ಮಾತ್ರ ಶಾಂತಮ್ಮ ಅತ್ತಿ ಕೂತಿದ್ದಳು, ಬಳೆಯ ಮೇಲೆ ಎರಡೂ ಪಾದ ಇಟ್ಟು, ನೆಟ್ಟಗೆ. ಬಂದು ಹೋಗುವ ಹುಡುಗಿಯರೊಂದಿಗೆ ತೆಲುಗು, ಉರ್ದು ಎರಡರಲ್ಲೂ ಹರಟುತ್ತಿದ್ದಳು. ಪರೀಕ್ಷಕರು ಹಿರಿಯರು, ಬಿಳಿ ಗಡ್ಡದವರು. ಅತ್ತಿಯನ್ನು ನೋಡಿ ನಕ್ಕು, ತಾವೊಮ್ಮೆ ಕೂತು ನೋಡಬಹುದೇ ಎಂದು ಅವಳನ್ನೇ ಕೇಳಿದರು. ಅತ್ತಿ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಕೆಳಗಿನ ಅಡ್ಡ ಪೈಪಿನ ಮೇಲೆ ಕಾಲಿಟ್ಟು, ನನ್ನ ಕೈ ಹಿಡಿಯದೆಯೇ ಇಳಿದಳು. ಅವರು ಕೂತರು. ಅವರ ಕಾಲು ತಾನಾಗಿಯೇ ಬಳೆ ಹುಡುಕಿಕೊಂಡಿತು. ಬಳೆಗೆ ಈ ಎತ್ತರ ಎಲ್ಲಿಂದ ಬಂತು ಎಂದು ಕೇಳಿದರು. ನಾನು ಎರಡೂ ಅಂಗೈ ಚಾಚಿ ತೋರಿಸಿ, ಆದದ್ದನ್ನು ಆದಂತೆ ಹೇಳಿದೆ. ಅವರು ಬೇರೆ ಪ್ರಶ್ನೆ ಕೇಳಲಿಲ್ಲ. ಇಳಿಯುವ ಅವಸರವನ್ನೂ ತೋರಿಸಲಿಲ್ಲ. ಉಳಿದ ಮಕ್ಕಳು ಕಾಯುತ್ತಿದ್ದಾರೆಂದು ಮೇಡಂ ನೆನಪು ಮಾಡಬೇಕಾಯಿತು.

ಪಾಸಾದೆ, ಒಳ್ಳೆಯ ಅಂಕವೇ ಬಂತು. ಕಾಲೇಜಿನವರು ಸ್ಟೂಲನ್ನು ಕೇಳಿದ್ದೂ ನಿಜ. ನಾಳೆ ಸಂತೆ ಅದ, ರೊಟ್ಟಿ ಯಾರು ಬಡೀತಾರ ಎಂದು ಅತ್ತಿ ಮೇಡಂಗೆ ಕನ್ನಡದಲ್ಲೇ ಹೇಳಿಬಿಟ್ಟಳು. ಮೇಡಂಗೆ ಎಷ್ಟು ತಿಳಿಯಿತೋ, ಸ್ಟೂಲಂತೂ ಅದೇ ಸಂಜೆ ನಮ್ಮೊಂದಿಗೆ ಬಸ್ಸು ಹತ್ತಿತು.

ವಾಪಸು ಬರುವಾಗ ಅತ್ತಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಸದಾಶಿವಪೇಟೆ ದಾಟಿದ ಮೇಲೆ, ರೊಟ್ಟಿ ತಿನ್ನಲು ಬಂದವರು ಯಾಕೆ ನಿಂತೇ ತಿನ್ನಬೇಕು ಎಂದು ಅಪ್ಪನನ್ನು ಕೇಳಿದಳು. ಅಪ್ಪನಿಗೆ ಅಷ್ಟೇ ಸಾಕಾಯಿತು. ಊರಲ್ಲಿ ಹೆಸರುಕಾಳಿನ ರಾಶಿ ಶುರುವಾಗುವ ಹೊತ್ತಿಗೆ ಬೇವಿನ ಗಿಡದ ಕೆಳಗಿನ ನೀಲಿ ಕಲ್ಲು ಉದ್ದವಾಗಿತ್ತು, ಅದರ ಈಚೆಗೆ ಸ್ಟೂಲುಗಳ ಸಾಲು ಬಂದಿತ್ತು. ಆಸನಗಳನ್ನೆಲ್ಲ ಮೌಲಾಸಾಬರೇ ಮಾಡಿ ತಂದು, ಮೊದಲ ಸ್ಟೂಲಿನ ಮೇಲೆ ತಾವೇ ಕೂತು ಉಂಡು ಹೋದರು. ಲಾರಿಯ ಡ್ರೈವರುಗಳು, ಸಂತೆಗೆ ಬಂದ ಹೆಂಗಸರು, ಬ್ಯಾಂಕಿನವರು, ಯಾರ ಪಕ್ಕ ಯಾರು ಎಂದಿಲ್ಲದೆ ಭುಜಕ್ಕೆ ಭುಜ ತಾಗಿಸಿ ಕೂಡುತ್ತಿದ್ದರು. ಹೆಂಚಿನಿಂದ ಇಳಿದ ರೊಟ್ಟಿ ನೇರ ಅವರ ಮುಂದೆ ಬೀಳುತ್ತಿತ್ತು.

ನಾನು ತಾಂಡೂರಿನ ಕೆಲಸಕ್ಕೆ ಹೊರಡುವ ಹಿಂದಿನ ದಿನ ಮಳೆ ಪೂರ್ತಿ ಬಿಟ್ಟಿತ್ತು. ಮಧ್ಯಾಹ್ನದ ಗದ್ದಲ ಮುಗಿದು ಸ್ಟೂಲುಗಳು ಖಾಲಿ ಇದ್ದವು. ಅತ್ತಿ ಕೈ ತೊಳೆದುಕೊಂಡಳು. ನೀಲಿ ಕಲ್ಲಿನ ಕಟ್ಟೆಯನ್ನು ಸುತ್ತಿ ಈಚೆ ಬಂದು, ಗಿರಾಕಿಗಳ ಸ್ಟೂಲೊಂದನ್ನು ಆರಿಸಿ ಏರಿ ಕೂತಳು. ಸೆರಗು ಸರಿಮಾಡಿಕೊಂಡಳು.

“ಈವತ್ತು ನೀ ಬಡಿ, ನಾ ಉಣ್ತೀನಿ.”

ನಾನು ಆಚೆ ಹೋಗಿ ಅವಳ ಸ್ಟೂಲಿನ ಮೇಲೆ ಕೂತು ಹಿಟ್ಟು ನಾದಿದೆ. ನನ್ನ ರೊಟ್ಟಿ ಒಂದು ಕಡೆ ದಪ್ಪವಾಯಿತು, ಇನ್ನೊಂದು ಕಡೆ ಹರಿಯಿತು. ಹೆಂಚಿಗೆ ಹಾಕುವಾಗ ಎರಡು ತುಂಡಾಯಿತು. ಎರಡನ್ನೂ ಸುಟ್ಟು, ತಟ್ಟೆಯಲ್ಲಿ ಜೋಡಿಸಿ ಅವಳ ಮುಂದಿಟ್ಟೆ. ಅತ್ತಿ ಚಟ್ನಿಯಂತೆ ಕುಟ್ಟಿದ ಶೇಂಗಾದ ಹಿಂಡಿ ಹಚ್ಚಿಕೊಂಡು, ಅವಸರ ಮಾಡದೆ, ಕರಿಕಾದ ಅಂಚನ್ನೂ ಬಿಡದೆ ಪೂರ್ತಿ ಉಂಡಳು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಸುಜಾತಾ,” ಎಂದಳು, “ನೀ ಸ್ಟೂಲೇ ಮಾಡು.”